ರೋಗಿ ಹೊರುವ ಕುರ್ಚಿಯ ಪೇಟೆಂಟ್ ರದ್ದಾಗಿದೆ. ಅಪೀಲು ಎಲ್ಲಿ, ಹೇಗೆ?

ಸೋಂದಾ ವರ್ಕ್‌ಶಾಪ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಶಿರಸಿ ತಾಲೂಕಿನಲ್ಲಿ ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್. ಗೇಟು, ಏಣಿ, ಅಡಿಕೆ ಒಣಗಿಸುವ ಚೌಕಟ್ಟು ಇಂಥದ್ದೆಲ್ಲ ಮಾಡುತ್ತೇವೆ. ನಮ್ಮ ಕಡೆ ಮನೆಗಳು ಹೇಗಿವೆ ಅಂತ ನಿಮಗೆ ಗೊತ್ತಲ್ವಾ. ತೋಟದ ಆಚೆ ಒಂದೊಂದೇ ಮನೆ. ರಸ್ತೆಗೂ ಮನೆಗೂ ನಡುವೆ ಹಳ್ಳ. ಹಳ್ಳಕ್ಕೆ ಕಾಲುಸಂಕ, ಅಂದರೆ ಕಿರಿದಾದ ಕಾಲುಸೇತುವೆ. ಮಳೆಗಾಲದಲ್ಲಿ ಯಾರಿಗಾದರೂ ಜೋರು ಹುಷಾರಿಲ್ಲದಾದರೆ 108 ಬಂದು ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಯವರೆಗೆ ರೋಗಿಯನ್ನು ಕಂಬಳಿ ಜೋಲಿಯಲ್ಲೋ, ಬಿದಿರು ಕಟ್ಟಿದ ಪ್ಲಾಸ್ಟಿಕ್ ಕುರ್ಚಿಯಲ್ಲೋ ಹೊತ್ತು ತರಬೇಕು. ಆಸ್ಪತ್ರೆ ಸ್ಟ್ರೆಚರ್ ಸಂಕದ ಮೇಲೆ ನಡೆಯುವುದಿಲ್ಲ. ಅಲ್ಲಿ ಇಬ್ಬರು ಅಕ್ಕಪಕ್ಕ ಹೋಗಲು ಜಾಗವೇ ಇಲ್ಲ.

ಅದಕ್ಕೆ ನಾನೊಂದು ಹೊರುವ ಕುರ್ಚಿ ಮಾಡಿದೆ. ಮುಂದೊಬ್ಬರು, ಹಿಂದೊಬ್ಬರು. ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದ ಮೇಲೆ ಆ ಕಾರ್ಬನ್ ಪೈಪು ಎಷ್ಟು ಹಗುರ, ಎಷ್ಟು ಗಟ್ಟಿ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅಂಥದೇ ಎರಡು ಪೈಪು ಹಾಕಿದೆ. ನಡುವೆ ಕೂರುವ ಸೀಟು. ಅದು ಎರಡು ಗೂಟಗಳ ಮೇಲೆ ತೂಗುತ್ತದೆ. ಇಳಿಜಾರಿನಲ್ಲಿ ಪೈಪು ಓರೆಯಾದರೂ ಕೂತವರು ನೆಟ್ಟಗೇ ಇರುತ್ತಾರೆ. ಆದರೆ ಸಂಕದ ಮೇಲೆ ಅದೇ ತೂಗಾಟ ಅಪಾಯ. ಹೊತ್ತವರ ಕಾಲು ಸ್ವಲ್ಪ ಜಾರಿದರೂ ಸೀಟು ಜೋರಾಗಿ ಓಲಾಡಿ ಮೂವರನ್ನೂ ಕೆಡವಬಹುದು. ಅದಕ್ಕೊಂದು ಬ್ರೇಕ್ ಕೂರಿಸಿದೆ. ಮುಂದಿನ ಹಿಡಿಯ ಮೇಲೆ ಬೀಳುವ ಭಾರ ಒಮ್ಮೆಲೇ ಕಡಿಮೆಯಾದರೆ, ಅಂದರೆ ಮುಂದಿನವರು ಕುಸಿದರೆ ಅಥವಾ ಹಿಡಿ ಬಿಟ್ಟರೆ, ಒಳಗಿನ ಸ್ಪ್ರಿಂಗ್ ಬ್ರೇಕನ್ನು ಗೂಟಕ್ಕೆ ಒತ್ತುತ್ತದೆ. ಸೀಟು ಇದ್ದಲ್ಲೇ ಬಿಗಿಯಾಗಿ ನಿಲ್ಲುತ್ತದೆ. ಇದಕ್ಕಾಗಿಯೇ ನಾನು ಹೆಚ್ಚು ಕಾಲ ಕೂತಿದ್ದು.

ಚೆನ್ನೈ ಪೇಟೆಂಟ್ ಕಚೇರಿಯಿಂದ ಪೇಟೆಂಟ್ ಸಿಕ್ಕಿತು. ಒಂದು ವರ್ಷ ತುಂಬುವ ಮೊದಲೇ ಆಸ್ಪತ್ರೆ ಸಾಮಾನು ಮಾಡುವ ಒಂದು ಕಂಪನಿ ಆಕ್ಷೇಪ ಹಾಕಿತು. ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಕಳೆದ ತಿಂಗಳು ಆದೇಶ ಬಂದಿದೆ. ಪೇಟೆಂಟ್ ರದ್ದು.

ಕಾರಣ ಎರಡು ಕೊಟ್ಟಿದ್ದಾರೆ. ಒಂದು, ಮೆಟ್ಟಿಲಲ್ಲಿ ರೋಗಿಯನ್ನು ಇಳಿಸುವ ಕುರ್ಚಿಯ ಹಳೆಯ ವಿದೇಶಿ ಪೇಟೆಂಟ್ ಇದೆ. ಬೆಟ್ಟದಲ್ಲಿ ಗಾಯಾಳುಗಳನ್ನು ತರುವ ತೂಗು ಸ್ಟ್ರೆಚರ್‌ನದು ಇನ್ನೊಂದು ಇದೆ. ಅವೆರಡನ್ನು ಸೇರಿಸಿದರೆ ನನ್ನ ಕುರ್ಚಿ ಆಗುತ್ತದಂತೆ, ಕಸುಬು ಗೊತ್ತಿರುವ ಯಾರಿಗಾದರೂ ಅದು ಹೊಳೆಯುತ್ತದಂತೆ. ಎರಡು, ಸೆಕ್ಷನ್ 3(ಎಫ್), ಗೊತ್ತಿದ್ದ ಸಾಮಾನುಗಳನ್ನು ಸುಮ್ನೆ ಜೋಡಿಸಿದ್ದು ಅಂತ.

ಇದನ್ನು ನಾನು ಒಪ್ಪುವುದಿಲ್ಲ. ನನ್ನ ಪ್ರಶ್ನೆಗಳು: ಅಪೀಲು ಯಾವ ಕೋರ್ಟಿಗೆ? ಎಷ್ಟು ಸಮಯ ಇದೆ? ಸಂಕ ದಾಟುವ ವಿಡಿಯೋ, ಡಾಕ್ಟರ್ ಪತ್ರ ಈಗ ಕೊಡಬಹುದಾ? ಅಲ್ಲಿಯವರೆಗೆ ಕುರ್ಚಿ ಮಾಡುವುದನ್ನು ನಿಲ್ಲಿಸಬೇಕಾ?

ಕಾಳಿ ದಡ, ಕಾರವಾರ:

ಮೊದಲಿಗೆ, ಬಿಡಬೇಡಿ. ಈ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೇ ಓಡಬೇಕು. ಆ ದಾರಿಯ ಮೊದಲ ತುಂಡು ತೋಟದ ಕಾಲುದಾರಿ. ಅದರ ಬಗ್ಗೆ ಯೋಚನೆ ಮಾಡುವವರೇ ಇಲ್ಲ. ನೀವು ಮಾಡಿದ್ದೀರಿ.

ನನಗೆ ತಿಳಿದ ಮಟ್ಟಿಗೆ ನಮ್ಮ ಜಿಲ್ಲೆಯ ಹೈಕೋರ್ಟ್ ಕೇಸುಗಳೆಲ್ಲ ಧಾರವಾಡ ಪೀಠಕ್ಕೆ ಹೋಗುತ್ತವೆ. ನಮ್ಮ ಜಾಗದ ತಕರಾರಿಗೆ ನಾವೂ ಅಲ್ಲಿಗೇ ಹೋಗುತ್ತಿದ್ದೇವೆ. ಅಲ್ಲಿ ಒಳ್ಳೆಯ ವಕೀಲರಿದ್ದಾರೆ. ಶಿರಸಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು.

ಕುಮಟೆಯವಳು:

ನಮಸ್ಕಾರ ಸೋಂದಾ ಅಣ್ಣ. ನನ್ನ ತವರು ಕುಮಟಾ. ಚೆನ್ನೈನಲ್ಲಿ ಪೇಟೆಂಟ್ ಏಜೆಂಟ್ ಆಗಿದ್ದೇನೆ. ವಕೀಲೆ ಅಲ್ಲ. ಹೈಕೋರ್ಟಿನಲ್ಲಿ ವಾದಿಸಲು ನಿಮಗೆ ವಕೀಲರು ಬೇಕೇ ಬೇಕು. ಆದರೆ ಅವರ ಹತ್ತಿರ ಹೋಗುವ ಮೊದಲು ನಿಮ್ಮ ಕಾಗದ ಹೇಗಿರಬೇಕು ಅಂತ ಹೇಳಬಲ್ಲೆ.

ಕಾಳಿ ದಡದವರು ಹೇಳಿದ್ದು ಬೇರೆ ಕೇಸುಗಳಿಗೆ ಸರಿ. ಇದಕ್ಕೆ ಧಾರವಾಡ ಆಗುವುದಿಲ್ಲ. ಕರ್ನಾಟಕದವರ ಅರ್ಜಿಗಳೆಲ್ಲ ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಅರ್ಜಿ ಯಾವ ಕಚೇರಿಯದೋ, ಆ ಕಚೇರಿ ಯಾವ ಹೈಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೇ ಅಪೀಲು. ದೆಹಲಿ ಹೈಕೋರ್ಟ್ 2022ರಲ್ಲಿ ಡಾ. ರೆಡ್ಡೀಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ ನಿಮ್ಮದು ಮದ್ರಾಸ್ ಹೈಕೋರ್ಟ್. ಮೊದಲು ಇಂಥ ಅಪೀಲು ಐಪಿಎಬಿ ಎಂಬ ಮಂಡಳಿಗೆ ಹೋಗುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದರು. ಮದ್ರಾಸ್ ಹೈಕೋರ್ಟ್ ಇಂಥ ಕೇಸುಗಳಿಗೆ ಪ್ರತ್ಯೇಕ ವಿಭಾಗ ಮಾಡಿ 2023ರಲ್ಲಿ ನಿಯಮಗಳನ್ನೂ ತಂದಿದೆ. ದೂರ ಅಂತ ಗೊತ್ತು, ಹುಬ್ಬಳ್ಳಿಗೆ ಬಂದು ರೈಲು ಹಿಡಿಯಬೇಕು. ಆದರೆ ಪ್ರತಿ ವಾಯಿದೆಗೂ ನೀವೇ ಬರಬೇಕಾಗಿಲ್ಲ.

ಸಮಯ ಮೂರು ತಿಂಗಳು, ಸೆಕ್ಷನ್ 117ಎ ಪ್ರಕಾರ. ಇದನ್ನು ಎಣಿಸುವುದು ಆದೇಶದ ಮೇಲಿನ ತಾರೀಕಿನಿಂದ, ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ತಡವಾದರೆ ಕೋರ್ಟ್ ಕ್ಷಮಿಸಬಹುದು, ಅದಕ್ಕೆ ಬೇರೆ ಅರ್ಜಿ, ಬೇರೆ ವಾದ. ಅದನ್ನು ನಂಬಿ ಕೂರಬೇಡಿ. ಅದೇ ಅಧಿಕಾರಿಗೆ ಮರುಪರಿಶೀಲನೆ ಕೇಳುವ ದಾರಿಯೂ ಇದೆ, ಫಾರಂ 24, ಒಂದು ತಿಂಗಳೊಳಗೆ. ಕಣ್ಣಿಗೆ ಕಾಣುವ ತಪ್ಪು ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನಿಮ್ಮ ವಿಷಯದಲ್ಲಿ ಆ ಕಡೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಮುಖ್ಯ ಮಾತು. ಕುರ್ಚಿ ಎಷ್ಟು ಜನರಿಗೆ ಉಪಕಾರ ಆಗಿದೆ ಅನ್ನುವುದರಿಂದ ಅಪೀಲು ಶುರು ಮಾಡಬೇಡಿ. ನ್ಯಾಯಾಧೀಶರು ಮೊದಲು ನೋಡುವುದು ಆದೇಶವನ್ನು. ನಿಮ್ಮ ವಾದಕ್ಕೆ ಆದೇಶ ಉತ್ತರ ಕೊಟ್ಟಿದೆಯಾ? ಪ್ರತಿ ಕ್ಲೇಮನ್ನೂ, ಅಂದರೆ ಇದು ನನ್ನದು ಅಂತ ಪೇಟೆಂಟಿನಲ್ಲಿ ನೀವು ಹಕ್ಕು ಕೇಳಿದ ಪ್ರತಿ ಅಂಶವನ್ನೂ, ನೋಡಿದೆಯಾ? ನಿಮ್ಮ ಕೇಸು ನಿಲ್ಲುವುದು ಅಲ್ಲಿ.

ನೀವು ಬರೆದದ್ದರಿಂದ ನನಗೆ ತೋರುವುದು ಇಷ್ಟು. ತೂಗುವ ಸೀಟು ಒಂದು ಕ್ಲೇಮ್, ಬ್ರೇಕ್ ಇನ್ನೊಂದು. ತೂಗುವ ಸೀಟನ್ನು ಆ ಎರಡು ಹಳೆ ದಾಖಲೆ ಸೇರಿಸಿ ಹೊಡೆಯಬಹುದು, ಅಲ್ಲಿ ಕಂಪನಿಯ ವಾದಕ್ಕೆ ಬಲ ಇದೆ. ಬ್ರೇಕನ್ನು ಹೊಡೆಯಲು ಅವರಿಗೆ ಬ್ರೇಕ್ ಇರುವ ದಾಖಲೆ ಬೇಕು. ಹಿಡಿಯ ಭಾರ ಕಡಿಮೆಯಾದಾಗ ತಾನಾಗಿ ಬಿಗಿಯುವ ಬ್ರೇಕ್ ಆ ಎರಡರಲ್ಲಿ ಯಾವುದರಲ್ಲಾದರೂ ಇದೆಯಾ? ಆದೇಶದಲ್ಲಿ ಅದರ ಬಗ್ಗೆ ಎಷ್ಟು ಸಾಲು ಇದೆ? ದಯವಿಟ್ಟು ಹೇಳಿ. ದೆಹಲಿ ಹೈಕೋರ್ಟ್ 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿ ಒಂದು ವಿಷಯ ಸ್ಪಷ್ಟ ಮಾಡಿದೆ. ಸುಲಭಕ್ಕೆ ಹೊಳೆಯುವಂಥದ್ದು ಅಂತ ತಳ್ಳಿಹಾಕುವ ಅಧಿಕಾರಿ ಹಳೆಯದರಲ್ಲಿ ಏನಿತ್ತು, ಅರ್ಜಿದಾರರದು ಏನು, ಒಂದರಿಂದ ಇನ್ನೊಂದು ಹೇಗೆ ಸುಲಭಕ್ಕೆ ಹೊಳೆಯುತ್ತದೆ ಎಂಬ ಮೂರನ್ನೂ ಬಿಡಿಸಿ ಬರೆಯಬೇಕು. ಅದು ಅರ್ಜಿ ತಿರಸ್ಕರಿಸಿದ ಕೇಸು, ನಿಮ್ಮದು ಸಿಕ್ಕ ಪೇಟೆಂಟ್ ರದ್ದು ಮಾಡಿದ್ದು. ಆದರೂ ಕಾರಣ ಬರೆಯಬೇಕೆಂಬ ತತ್ವ ಒಂದೇ. ಮದ್ರಾಸ್ ಕೋರ್ಟಿಗೆ ದೆಹಲಿ ತೀರ್ಪು ಕಟ್ಟಳೆ ಅಲ್ಲ, ಆದರೆ ಗೌರವ ಇದೆ.

ಬಿಶ್ವನಾಥ್ ಪ್ರಸಾದ್ ಪ್ರಕರಣವನ್ನು ಕಂಪನಿಯವರು ಖಂಡಿತ ಎತ್ತುತ್ತಾರೆ. ಸುಪ್ರೀಂ ಕೋರ್ಟ್, 1978ರ ಡಿಸೆಂಬರ್. ಪಾತ್ರೆ ತಯಾರಿಸುವ ಯಂತ್ರಕ್ಕೆ ಮಾಡಿದ ಬದಲಾವಣೆಗೆ ಸಿಕ್ಕ ಪೇಟೆಂಟ್ ಅದರಲ್ಲಿ ಬಿದ್ದುಹೋಯಿತು. ವರ್ಕ್‌ಶಾಪಿನಲ್ಲಿ ಯಾವ ಕಸುಬುದಾರನೂ ಮಾಡಬಹುದಾದ ಸುಧಾರಣೆ ಅಂತ. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಸಿಂಧು ಅಂತ ಅಲ್ಲ ಅನ್ನುವುದೂ ಅದರಲ್ಲಿದೆ, ಸೆಕ್ಷನ್ 13(4)ರಲ್ಲೂ ಇದೆ. ಆದರೆ ಅದೇ ತೀರ್ಪಿನಲ್ಲಿ ನಿಮಗೆ ಬೇಕಾದದ್ದೂ ಇದೆ. ಹಳೆಯ ಭಾಗಗಳೇ ಆದರೂ, ಅವು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಿ ಹೊಸ ಅಥವಾ ಉತ್ತಮ ಫಲ ಕೊಟ್ಟರೆ ಅದು ಪೇಟೆಂಟಿಗೆ ಯೋಗ್ಯ. 3(ಎಫ್)ಗೂ ಇದೇ ಉತ್ತರ. ಆ ಸೆಕ್ಷನ್ ಹೇಳುವುದು ತಮ್ಮ ಪಾಡಿಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಭಾಗಗಳ ಬಗ್ಗೆ. ನಿಮ್ಮಲ್ಲಿ ಹಿಡಿ, ಸ್ಪ್ರಿಂಗ್, ಬ್ರೇಕ್, ಗೂಟ ಒಂದು ಇನ್ನೊಂದನ್ನು ನಡೆಸುತ್ತದೆ. ಹಿಡಿ ಹೇಳದೆ ಬ್ರೇಕ್ ಬೀಳುವುದಿಲ್ಲ. ಇದನ್ನು ನಕ್ಷೆ ಇಟ್ಟು ಒಂದೇ ಪುಟದಲ್ಲಿ ತೋರಿಸಿ.

ಕುರ್ಚಿ ಮಾಡುವುದನ್ನು ನಿಲ್ಲಿಸಬೇಕಾಗಿಲ್ಲ. ಪೇಟೆಂಟ್ ಇರುವುದು ಬೇರೆಯವರನ್ನು ತಡೆಯಲು. ಅದು ಹೋದರೆ ತಡೆಯುವ ಹಕ್ಕು ಹೋಗುತ್ತದೆ, ನೀವು ಮಾಡುವುದಕ್ಕೆ ಅಡ್ಡಿ ಇಲ್ಲ. ಕಂಪನಿಯ ಹೆಸರಲ್ಲಿ ಬೇರೆ ಪೇಟೆಂಟ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಮಾರಾಟಕ್ಕೆ 2017ರ ವೈದ್ಯಕೀಯ ಉಪಕರಣ ನಿಯಮಗಳು ಬೇರೆಯೇ ಇವೆ, ಅದಕ್ಕೂ ಪೇಟೆಂಟಿಗೂ ಸಂಬಂಧ ಇಲ್ಲ. ಒಂದು ಎಚ್ಚರ. ಕುರ್ಚಿಯ ಮೇಲೆ ಪೇಟೆಂಟ್ ನಂಬರ್ ಅಚ್ಚು ಹಾಕುತ್ತಿದ್ದರೆ ಈಗ ಮಾರುವುದರಿಂದ ತೆಗೆಯಿರಿ. ಇಲ್ಲದ ಪೇಟೆಂಟ್ ಇದೆ ಅಂತ ತೋರಿಸುವುದು ಸೆಕ್ಷನ್ 120ರಲ್ಲಿ ದಂಡಕ್ಕೆ ಬರುತ್ತದೆ.

ಕೊನೆಗೊಂದು ಪ್ರಶ್ನೆ. ವಿಚಾರಣೆಗೆ ಮೊದಲು ಮೂವರ ಆಕ್ಷೇಪಣಾ ಮಂಡಳಿ ವರದಿ ಕೊಡುತ್ತದೆ. ಅದರ ಪ್ರತಿ ನಿಮಗೆ ಬಂದಿತ್ತಾ? ಪಕ್ಷಗಾರರಿಗೆ ಅದನ್ನು ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಸಿಪ್ಲಾ ಪ್ರಕರಣದಲ್ಲಿ ಹೇಳಿದೆ.

ದೇವಿಮನೆ ಘಾಟ್:

ನಾನು ಆಂಬುಲೆನ್ಸ್ ಓಡಿಸುತ್ತೇನೆ. ಸೋಂದಾದವರ ಕುರ್ಚಿ ನನಗೆ ಗೊತ್ತು. ಮಳೆಯಲ್ಲಿ ಒಬ್ಬ ಬಾಣಂತಿಯನ್ನು ಅದರಲ್ಲಿ ಸಂಕ ದಾಟಿಸಿ ತಂದಾಗ ನಾನು ಈಚೆ ದಡದಲ್ಲಿ ನಿಂತಿದ್ದೆ. ಮುಂದಿನ ಹುಡುಗನ ಕಾಲು ಪಾಚಿಯ ಮೇಲೆ ಜಾರಿ ಮೊಣಕಾಲೂರಿದ. ಸೀಟು ಅಲ್ಲಾಡಲಿಲ್ಲ. ಆ ಹೆಣ್ಣುಮಗಳು ಪೈಪು ಗಟ್ಟಿ ಹಿಡಿದುಕೊಂಡು ಹಾಗೇ ಕೂತಿದ್ದಳು. ಹುಡುಗ ಎದ್ದು ಮತ್ತೆ ನಡೆದ.

ಬಿದಿರಿಗೆ ಕಟ್ಟಿದ ಕುರ್ಚಿಯಲ್ಲಿ ಹೀಗೆ ಆಗಿದ್ದರೆ ಏನಾಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ಇದನ್ನು ಕೋರ್ಟಿನಲ್ಲಿ ಹೇಳಬೇಕಾದರೆ ನಾನು ಬಂದು ಹೇಳುತ್ತೇನೆ. ಅಫಿಡವಿಟ್ ಬೇಕಾದರೂ ಕೊಡುತ್ತೇನೆ. ಎಲ್ಲರಿಗೂ ಹೊಳೆಯುವಂಥದ್ದು ಆಗಿದ್ದರೆ ಇಷ್ಟು ವರ್ಷ ನಾವು ಯಾಕೆ ಕಂಬಳಿಯಲ್ಲಿ ಹೊತ್ತು ತರುತ್ತಿದ್ದೆವು?

ಸೋಂದಾ ವರ್ಕ್‌ಶಾಪ್:

ಕುಮಟೆ ತಂಗಿ, ತುಂಬಾ ಉಪಕಾರ. ಘಾಟ್ ಅಣ್ಣ, ನಿಮ್ಮ ಮಾತು ಓದಿ ಧೈರ್ಯ ಬಂತು.

ಆದೇಶ ಮತ್ತೆ ಓದಿದೆ. ಬ್ರೇಕ್ ಇರುವುದು ನಾಲ್ಕನೇ ಕ್ಲೇಮಿನಲ್ಲಿ. ಆದೇಶದ ಅಷ್ಟೂ ಪುಟ ಒಂದನೇ ಕ್ಲೇಮಿನ ಮೇಲೆ. ಕೊನೆಯಲ್ಲಿ ಉಳಿದ ಕ್ಲೇಮುಗಳೂ ಕಸುಬಿನ ಮಟ್ಟದ ಬದಲಾವಣೆಗಳೇ, ಅವೂ ನಿಲ್ಲುವುದಿಲ್ಲ ಅಂತ ಒಂದೇ ಸಾಲು. ಹಿಡಿಯ ಭಾರದ ವಿಷಯ ಎಲ್ಲೂ ಇಲ್ಲ. ಬೆಟ್ಟದ ಸ್ಟ್ರೆಚರ್ ದಾಖಲೆಯಲ್ಲಿ ಒಂದು ಲಾಕ್ ಇದೆ, ಆದರೆ ಅದು ಕೈಯಿಂದ ತಿರುಗಿಸಿ ಬಿಗಿ ಮಾಡುವ ಸ್ಕ್ರೂ. ಎರಡೂ ಕೈ ಹೊರೆಯಲ್ಲಿರುವಾಗ ಸ್ಕ್ರೂ ತಿರುಗಿಸುವವರು ಯಾರು? ಇದನ್ನು ನಾನು ಉತ್ತರದಲ್ಲಿ ಬರೆದುಕೊಟ್ಟಿದ್ದೆ. ಆದೇಶದಲ್ಲಿ ಅದರ ಉಲ್ಲೇಖವೇ ಇಲ್ಲ.

ಮಂಡಳಿಯ ವರದಿ ಬಂದಿದೆ, ನನ್ನ ಹತ್ತಿರ ಇದೆ. ಅದರಲ್ಲಿ ಒಂದನೇ ಕ್ಲೇಮ್ ನಿಲ್ಲುವುದಿಲ್ಲ, ನಾಲ್ಕನೆಯದರಲ್ಲಿ ಹೊಸತನ ಇದೆ ಅಂತ ಬರೆದಿದ್ದಾರೆ. ಕ್ಲೇಮ್ ತಿದ್ದಿಸಿ ಪೇಟೆಂಟ್ ಉಳಿಸಬಹುದು ಅಂತ ಶಿಫಾರಸೂ ಇದೆ. ಆದೇಶದಲ್ಲಿ ಅದನ್ನು ನೋಡಿದ್ದೇವೆ ಅಂತಷ್ಟೇ ಇದೆ. ಯಾಕೆ ಒಪ್ಪಲಿಲ್ಲ ಅಂತ ಇಲ್ಲ. ಇದು ಅಪೀಲಿಗೆ ಸಾಕಾ?

ಕುಮಟೆಯವಳು:

ಸೋಂದಾ ಅಣ್ಣ, ಇದು ಸಾಕು ಮಾತ್ರ ಅಲ್ಲ, ಇದೇ ನಿಮ್ಮ ಅಪೀಲು.

ಮಂಡಳಿಯ ಶಿಫಾರಸು ಕಂಟ್ರೋಲರನ್ನು, ಅಂದರೆ ಆದೇಶ ಕೊಡುವ ಪೇಟೆಂಟ್ ಅಧಿಕಾರಿಯನ್ನು, ಕಟ್ಟಿಹಾಕುವುದಿಲ್ಲ, ನಿಜ. ಅವರು ಬೇರೆ ತೀರ್ಮಾನಕ್ಕೆ ಬರಬಹುದು. ಆದರೆ ಬಂದರೆ ಕಾರಣ ಬರೆಯಬೇಕು. ಇನ್ನೂ ಒಂದು ಗಮನಿಸಿ. ಸೆಕ್ಷನ್ 25(4) ಅವರ ಮುಂದೆ ಮೂರು ದಾರಿ ಇಟ್ಟಿದೆ. ಪೇಟೆಂಟ್ ಉಳಿಸುವುದು, ತಿದ್ದಿಸುವುದು, ರದ್ದು ಮಾಡುವುದು. ಮಂಡಳಿ ಎರಡನೇ ದಾರಿ ತೋರಿಸಿದ್ದರೂ ಆದೇಶ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ಅಪೀಲಿನ ಮೊದಲ ಕಾರಣ ಇದೇ ಆಗಲಿ. ಎರಡನೆಯದು, ನಾಲ್ಕನೇ ಕ್ಲೇಮಿಗೆ ಒಂದೇ ಸಾಲು. ಮೂರನೆಯದು, ಸ್ಕ್ರೂ ಬಗ್ಗೆ ನೀವು ಬರೆದುಕೊಟ್ಟ ಉತ್ತರ ಮುಟ್ಟಿಲ್ಲ. ಒಂದನೇ ಕ್ಲೇಮಿನ ವಾದ ಆಮೇಲೆ ಬರಲಿ, ಚಿಕ್ಕದಾಗಿರಲಿ. ಅದಕ್ಕೇ ಅಂಟಿಕೊಂಡರೆ ಒಳ್ಳೆಯ ಕ್ಲೇಮೂ ಅದರ ಜೊತೆ ಮುಳುಗುವ ಅಪಾಯ ಇದೆ.

ಕೋರ್ಟಿಗೆ ಏನು ಕೇಳಬೇಕು ಅನ್ನುವುದನ್ನೂ ಹೀಗೇ ಮೇಲಿಂದ ಕೆಳಗೆ ಇಡಿ. ಆದೇಶ ರದ್ದು ಮಾಡಿ ಪೇಟೆಂಟ್ ಉಳಿಸಿ. ಅದಾಗದಿದ್ದರೆ ಒಂದನೇ ಕ್ಲೇಮಿನೊಳಗೆ ಬ್ರೇಕನ್ನು ಸೇರಿಸಿ ತಿದ್ದಲು ಅವಕಾಶ ಕೊಡಿ. ಅದೂ ಆಗದಿದ್ದರೆ ಬೇರೆ ಅಧಿಕಾರಿಯ ಮುಂದೆ ಹೊಸ ವಿಚಾರಣೆಗೆ ಕಳಿಸಿ. ಕಾರಣ ಬರೆಯದ ಆದೇಶಗಳಲ್ಲಿ ಕೋರ್ಟುಗಳು ಆಗಾಗ ಮಾಡುವುದು ಈ ಕೊನೆಯದನ್ನೇ. ತಿದ್ದುಪಡಿಯಲ್ಲಿ ಕ್ಲೇಮನ್ನು ಕಿರಿದು ಮಾಡಬಹುದೇ ಹೊರತು ಹಿಗ್ಗಿಸುವ ಹಾಗಿಲ್ಲ, ಸೆಕ್ಷನ್ 59. ಬ್ರೇಕ್ ಮೊದಲೇ ಬರವಣಿಗೆಯಲ್ಲಿ ಇರುವುದರಿಂದ ನಿಮಗೆ ತೊಂದರೆ ಕಾಣುವುದಿಲ್ಲ. ಅಪೀಲು ಹಾಕಿದ ಮಾತ್ರಕ್ಕೆ ಆದೇಶ ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಜೊತೆಯಲ್ಲೇ ಅರ್ಜಿ ಹಾಕಿಸಿ. ಕಂಟ್ರೋಲರ್ ಜೊತೆ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಬೇಕು.

ಘಾಟ್ ಅಣ್ಣ, ನಿಮ್ಮ ಮಾತು ತೀರ್ಪಿಗಿಂತ ದೊಡ್ಡದು ಅಂತ ನನಗೆ ಅನಿಸುತ್ತದೆ. ಆದರೆ ಅಪೀಲಿನಲ್ಲಿ ಹೊಸ ಸಾಕ್ಷಿಯನ್ನು ಕೋರ್ಟ್ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮೊದಲ ಹಂತದಲ್ಲಿ ಯಾಕೆ ಕೊಡಲಿಲ್ಲ ಅಂತ ಕೇಳುತ್ತದೆ. ಕಡತದಲ್ಲಿ ಇರುವುದರ ಮೇಲೆಯೇ ಈ ಅಪೀಲು ಗೆಲ್ಲಬಹುದು. ಆದರೂ ನಿಮ್ಮ ಅಫಿಡವಿಟ್ ಈಗಲೇ ಬರೆಸಿಡಿ. ಕೇಸು ವಾಪಸ್ ಪೇಟೆಂಟ್ ಕಚೇರಿಗೆ ಹೋದರೆ ಅಲ್ಲಿ ಸಾಕ್ಷಿಗೆ ಅನುಮತಿ ಕೇಳಬಹುದು. ಬರೆಸುವಾಗ ಒಳ್ಳೆಯ ಕುರ್ಚಿ ಅಂತ ಹೊಗಳಬೇಡಿ. ಹುಡುಗ ಮೊಣಕಾಲೂರಿದಾಗ ಹಿಡಿಯ ಭಾರ ಹೋಯಿತು, ಸೀಟು ಬಿಗಿಯಾಯಿತು, ಯಾರೂ ಸ್ಕ್ರೂ ಮುಟ್ಟಲಿಲ್ಲ. ನೀವು ಕಂಡದ್ದು ಇಷ್ಟು ಬಂದರೆ ಸಾಕು.

ಸೋಂದಾ ಅಣ್ಣ, ಆದೇಶದ ದೃಢೀಕೃತ ಪ್ರತಿಗೆ ಇವತ್ತೇ ಅರ್ಜಿ ಹಾಕಿ. ವಕೀಲರ ಫೀ ಮೊದಲೇ ಕೇಳಿ ಬರೆಸಿಕೊಳ್ಳಿ, ಅಪೀಲಿಗೆ ಎಷ್ಟು, ತಡೆಯಾಜ್ಞೆಗೆ ಎಷ್ಟು ಅಂತ ಬೇರೆ ಬೇರೆ.

ಕಾಳಿ ದಡ, ಕಾರವಾರ:

ಧಾರವಾಡ ಅಲ್ಲ ಅಂತ ತಿಳಿಸಿದ್ದು ಒಳ್ಳೆಯದಾಯಿತು ಮೇಡಂ. ನನಗೊಂದು ಸಂಶಯ. ಇವರು ಅಪೀಲಿನಲ್ಲಿ ಗೆದ್ದರು ಅಂತಿಟ್ಟುಕೊಳ್ಳಿ. ನಾಳೆ ಅದೇ ಕಂಪನಿ ಇನ್ನೊಂದು ಹಳೆ ದಾಖಲೆ ಹಿಡಿದುಕೊಂಡು ಹೈಕೋರ್ಟಿನಲ್ಲಿ ಮತ್ತೆ ರದ್ದತಿ ಅರ್ಜಿ ಹಾಕಿದರೆ? ಸಣ್ಣ ವರ್ಕ್‌ಶಾಪಿನವರು ಎಷ್ಟು ಸಲ ಅಂತ ಓಡಾಡುವುದು?

ಕುಮಟೆಯವಳು:

ಅದೇ ಕಂಪನಿಗೆ ಆ ದಾರಿ ಇಲ್ಲ. ಅಲೋಯ್ಸ್ ವೋಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಜೂನ್‌ನಲ್ಲಿ ಇದನ್ನು ಮುಗಿಸಿದೆ. ಪೇಟೆಂಟ್ ಸಿಕ್ಕ ಮೇಲೆ 25(2)ರಲ್ಲಿ ಆಕ್ಷೇಪ ಹಾಕಿದವರು ಆಮೇಲೆ ಸೆಕ್ಷನ್ 64ರಲ್ಲಿ ರದ್ದತಿ ಅರ್ಜಿಯನ್ನೂ ಹಾಕುವಂತಿಲ್ಲ, ದಾವೆಯಲ್ಲಿ ಪ್ರತಿದಾವೆಯಾಗಿಯೂ ಕೇಳುವಂತಿಲ್ಲ. ಕಂಪನಿ ತನ್ನ ದಾರಿ ಆರಿಸಿಕೊಂಡಾಗಿದೆ. ಬೇರೆ ಯಾರಾದರೂ ಹಿತಾಸಕ್ತಿ ಇರುವವರು ಬಂದರೆ ಅದು ಬೇರೆ ಮಾತು. ಅದಕ್ಕೇ ನಾನು ಬ್ರೇಕ್ ಸೇರಿಸಿ ಕಿರಿದು ಮಾಡಿದ ಕ್ಲೇಮನ್ನೇ ಹಿಡಿದುಕೊಳ್ಳಿ ಅನ್ನುವುದು. ಅಂಥ ಕ್ಲೇಮನ್ನು ಎರಡನೆಯವರು ಬಂದು ಅಲ್ಲಾಡಿಸುವುದು ಕಷ್ಟ.

ಸೋಂದಾ ಅಣ್ಣ, ಆದೇಶ, ಮಂಡಳಿ ವರದಿ, ನಿಮ್ಮ ಉತ್ತರ, ಎರಡು ಹಳೆ ದಾಖಲೆ, ಇಷ್ಟನ್ನು ಒಂದೇ ಫೈಲಿಗೆ ಹಾಕಿ ತಾರೀಕಿನ ಕ್ರಮದಲ್ಲಿ ಜೋಡಿಸಿಡಿ. ವಕೀಲರನ್ನು ನೋಡಲು ಚೆನ್ನೈಗೆ ಬರುವ ಮೊದಲು ತಿಳಿಸಿ. ನಾಲ್ಕನೇ ಕ್ಲೇಮಿನ ತಿದ್ದಿದ ಕರಡು ನಾನು ಬರೆದುಕೊಡುತ್ತೇನೆ, ಅದಕ್ಕೆ ಫೀ ಬೇಡ.